ಚನ್ನಮಲ್ಲಜ್ಜನವರು ದಾರ ಕಾದದ್ದು

ಪೂಜ್ಯ ಚನ್ನಮಲ್ಲಜ್ಜನವರ ಪಾದವನ್ನು ಜೀವಮಾನವಿಡೀ ಒತ್ತಿದ ಪುಣ್ಯವಂತ ಈ ಸೀಮೆಗೆಲ್ಲ ನಾನೊಬ್ಬನೇ. ಸುಳ್ಳು. ಪೂಜ್ಯರು ಯಾರಿಗೂ ಪಾದ ಮುಟ್ಟಗೊಡುತ್ತಿರಲಿಲ್ಲ. ಆದರೆ ಇದನ್ನು ಮಾತ್ರ ಕಣ್ಣಾರೆ ಕಂಡಿದ್ದೇನೆ, ನಂಬಿ.

ಮಠವೆಂದರೆ ಒಂದು ತಗಡಿನ ಚಪ್ಪರ, ಅದರ ಹಿಂದೆ ಒಂದು ಬನ್ನಿಮರ. ಹರಕೆ ಹೊತ್ತವರು ಬಿಗಿದ ದಾರಗಳಿಂದ ಮರ ಸೊರಗಿ, ಟೊಂಗೆಗಳು ಒಣಗತೊಡಗಿದ್ದವು. ಪೂಜ್ಯರು ದಿನಾ ಕುಳಿತು ಒಂದೊಂದೇ ಗಂಟು ಬಿಚ್ಚುತ್ತಿದ್ದರು. ಕುಡುಗೋಲು ತಂದುಕೊಟ್ಟರೆ ಒಲ್ಲೆ ಎಂದರು. "ಅತ್ತು ಕಟ್ಯಾರಪಾ. ಕೊಯ್ಯಬಾರದು." ಸಂಜೆಗೆ ಉಗುರು ಬಿರಿದಿರುತ್ತಿದ್ದವು, ಬೆಳಗಾದರೆ ಮತ್ತಷ್ಟು ದಾರ.

ಹೀಗಿರಲು ಫಕ್ಕೀರವ್ವನೆಂಬ ತಾಯಿ ಬಂದು, ಮಗಳ ಜ್ವರ ಇಳಿಯಲೆಂದು ದಾರ ಕಟ್ಟಿದಳು. ಅಜ್ಜನವರು ಎಲ್ಲಿ ಬಿಚ್ಚಿಬಿಡುತ್ತಾರೋ ಎಂದು ಆ ಟೊಂಗೆಯ ಕೆಳಗೇ ಕಾವಲು ಕುಳಿತಳು. ಊಟವಿಲ್ಲ, ನಿದ್ದೆಯಿಲ್ಲ.

"ಏ ಅಕ್ಕಾ, ಮರ ಓಡಿ ಹೊಕ್ಕೇತೇನ?" ಎಂದೆ.

"ನಿನ್ನ ನಾಲಗಿಗೂ ಒಂದು ಗಂಟು ಹಾಕೇನು, ಸುಮ್ಕ ಕೂಡ್ರು."

ಪೂಜ್ಯರು ಕೇಳಿದರು: "ಕೂಸಿನ ಹತ್ರ ಯಾರದಾರವಾ?"

"ನಮ್ಮತ್ತಿ ಅದಾಳ್ರಿ. ಡಾಕ್ಟರು ಔಷಧ ಕೊಟ್ಟಾರ. ಕೂಸು ಬಾಯೇ ತೆರೀವಲ್ದಂತ. ಅವ್ವ ಕುಡಿಸಿದ್ರ ಕುಡೀತೀನಿ ಅಂತೈತಂತ."

"ಮತ್ತ ಈ ದಾರದಾಗ ಏನೈತವಾ?"

"ಏನಿಲ್ಲಂತ ನನಗೂ ಗೊತ್ತೈತ್ರಿ ಯಪ್ಪಾ. ಆದ್ರ ನೀವು ಬಿಚ್ಚಿದ ಮ್ಯಾಲ ಕೂಸಿಗೆ ಏನಾರ ಆದ್ರ? ನಾ ಹೆಂಗ ತಡ್ಕೊಳ್ಳಿ?"

ಪೂಜ್ಯರು ಮೊಣಕಾಲು ಹಿಡಿದುಕೊಂಡು ಎದ್ದು, ಅವಳ ಪಕ್ಕಕ್ಕೆ ಬಂದು, ಆ ಟೊಂಗೆಗೆ ಕೈಯಿಟ್ಟು ನಿಂತರು.

"ಗಂಟು ನಾ ಕಾಯ್ತೀನಿ. ಔಷಧ ಕುಡಿಸೂದು ನನ್ನ ಕೈಲೆ ಆಗೂದಿಲ್ಲ. ನಡಿ."

ಅವಳು ಅವರ ಮುಖ ನೋಡಿದಳು, ಗಂಟು ನೋಡಿದಳು. ಸೆರಗು ಬಿಗಿದು ಓಡಿದಳು.

ಜ್ವರ ಇಳಿದ ಸುದ್ದಿ ಬರುವ ತನಕ ಪೂಜ್ಯರು, ತಮಗೆ ನಂಬಿಕೆಯೇ ಇಲ್ಲದ ಆ ದಾರವನ್ನು, ಎಲೆ ಮೇಯಲು ಬಂದ ಆಡುಗಳನ್ನು ಅಟ್ಟುತ್ತ ಕಾದರು. ಊರವರು ಸುಮ್ಮನಿರುತ್ತಾರೆಯೇ? ಅಜ್ಜ ಮುಟ್ಟಿದ ಟೊಂಗೆಯೆಂದು ಮರುದಿನವೇ ಅದರ ತುಂಬ ಹೊಸ ದಾರ! ಪೂಜ್ಯರು ನಿಟ್ಟುಸಿರಿಟ್ಟು ಮತ್ತೆ ಬಿಚ್ಚಲು ಕುಳಿತರು.

ಆಗ ಫಕ್ಕೀರವ್ವ ಮಗಳನ್ನು ಬಗಲಿಗೆತ್ತಿಕೊಂಡು ಬಂದಳು. ತನ್ನ ಗಂಟನ್ನು ತಾನೇ ಬಿಚ್ಚಿದಳು. ಅಲ್ಲಿಗೇ ನಿಲ್ಲದೆ ಪಕ್ಕದ ಗಂಟಿಗೂ ಕೈಹಾಕಿ, "ಯಾರ ಕೂಸಿಂದೋ ಏನೋ, ಚೊಲೊ ಇರ್ಲಿ" ಎನ್ನುತ್ತ ಮೆಲ್ಲಗೆ ಸಡಿಲಿಸತೊಡಗಿದಳು. ಪೂಜ್ಯರು ಮರಕ್ಕೆ ಬೆನ್ನು ಕೊಟ್ಟು, ಎಷ್ಟೋ ಕಾಲದ ಮೇಲೆ, ಹಗಲಲ್ಲೇ ನಿದ್ದೆಹೋದರು.

ಉಳಿದ ಗಂಟನ್ನೆಲ್ಲ ನಾನೇ ಬಿಚ್ಚಿದೆ ಎಂದರೆ ನೀವು ನಂಬುವುದಿಲ್ಲ. ಬೇಡ ಬಿಡಿ. ಈ ಚಹಾದ ದುಡ್ಡು ಮಾತ್ರ ನೀವೇ ಕೊಟ್ಟುಬಿಡ್ರಿ.