ಮೂವತ್ತೇಳಪ್ಪನ ಗುಡ್ಡ

ಕುಷ್ಟಗಿ ಸೀಮೆಯ ಮುಳ್ಳುಗಟ್ಟಿಯಲ್ಲಿ ಬಸ್ಸಿಳಿದರೆ ಎದುರಿಗೇ ಕಾಣುವ ಬೋಳುಗುಡ್ಡ ಮೂವತ್ತೇಳಪ್ಪನದು. ಅರ್ಧ ಹತ್ತಿದರೆ ಆಳೆತ್ತರದ ಕಂದು ಬಂಡೆಯೊಂದು ಸಿಗುತ್ತದೆ. ಅದರ ಎದೆಯ ಮೇಲೆ ಕೆಂಪು ಬಣ್ಣದಲ್ಲಿ ಮೂವತ್ತೇಳು ಎಂಬ ಅಂಕಿ ಇದೆ. ಮೂರ್ತಿ ಎಂದರೆ ಅದೇ. ಸೋಮವಾರ ಎಣ್ಣೆ, ಅಮಾವಾಸ್ಯೆಗೆ ಕಾಯಿ. ತಗಡಿನ ಫಲಕದಲ್ಲಿ ‘ಶ್ರೀ ಮೂವತ್ತೇಳೇಶ್ವರ’ ಎಂದು ಬರೆಸಿದ್ದಾರೆ. ಊರವರು ಹಾಗೆ ಕರೆದದ್ದನ್ನು ಯಾರೂ ಕೇಳಿಲ್ಲ. ಮೂವತ್ತಾರು ತತ್ತ್ವಗಳನ್ನು ದಾಟಿ ನಿಂತವನೇ ಮೂವತ್ತೇಳನೆಯವನು ಎಂದು ಸ್ವಾಮಿಗಳೊಬ್ಬರು ಪ್ರವಚನದಲ್ಲಿ ವಿವರಿಸಿದ್ದುಂಟು. ಈ ವಿವರಣೆಯಲ್ಲಿ ತಪ್ಪು ಹುಡುಕುವುದು ಕಷ್ಟ. ಆದರೂ ಊರಿನ ಹಿರಿಯರು ಬೇರೆಯೇ ಹೇಳುತ್ತಾರೆ.

ಹಿಂದೆ ಒಮ್ಮೆ, ಊರಿಗೆ ಇನ್ನೂ ಕರೆಂಟು ಬಾರದ ಕಾಲದಲ್ಲಿ, ಭೂವಿಜ್ಞಾನ ಓದುವ ಹುಡುಗರ ತಂಡವೊಂದು ಬೇಸಿಗೆಯಲ್ಲಿ ಬಂದು ಶಾಲೆಯಲ್ಲಿ ಬೀಡುಬಿಟ್ಟಿತು ಎನ್ನುತ್ತಾರೆ. ಅದು ಅವರ ಓದಿನ ಕೊನೆಯ ಬೇಸಿಗೆ. ಈ ಸೀಮೆಯ ಗುಡ್ಡಗಳ ಹೊಟ್ಟೆಯಲ್ಲಿ ಕರಿಕಲ್ಲಿನ ಪಟ್ಟಿಯೊಂದು ಉಡಿದಾರದಂತೆ ಹಾದುಹೋಗಿದೆ. ಅದರ ಜಾಡು ಹಿಡಿದು ನಕ್ಷೆ ಬರೆಯುವುದು ಅವರ ಕೆಲಸ. ಬಿಸಿಲಿಗೆ ಬೆಂದ ಕಲ್ಲುಗಳ ಮೈಯೆಲ್ಲ ಒಂದೇ ಕಂದು. ಒಳಗೇನಿದೆ ಎಂಬುದನ್ನು ಸುತ್ತಿಗೆಯಿಂದ ಒಡೆದೇ ನೋಡಬೇಕು. ಅದೂ ಉರುಳಿ ಬಂದ ಗುಂಡಾಗಬಾರದು, ನೆಲದಲ್ಲಿ ಬೇರೂರಿದ ಬಂಡೆಯಾಗಬೇಕು. ಗುರುಪಾದ ಹೊಂಬಳ ಎಂಬ ಹುಡುಗನ ಪಾಲಿಗೆ ಬಂದ ಗುಡ್ಡದಲ್ಲಿ ಬೇರೂರಿದ ಬಂಡೆ ಇದ್ದದ್ದು ಒಂದೇ. ಅದನ್ನು ಕಂಡ ದಿನವೇ ಅವನ ಸುತ್ತಿಗೆಯ ಹಿಡಿ ಮುರಿಯಿತು. ಮತ್ತೆ ಬಂದಾಗ ಗುರುತಿರಲೆಂದು ತರಗತಿಯ ತನ್ನ ಕ್ರಮಸಂಖ್ಯೆಯನ್ನು ಕೆಂಪು ಬಣ್ಣದಲ್ಲಿ ಬಂಡೆಯ ಮೇಲೆ ಬರೆದು, ಹಿಡಿ ಹಾಕಿಸಲು ಪೇಟೆಗೆ ಹೋದ.

ಅವನು ತಿರುಗಿ ಬರುವಷ್ಟರಲ್ಲಿ, ಹುಲಿಗೆಮ್ಮ ಎಂಬಾಕೆಯ ಕಳೆದುಹೋಗಿದ್ದ ಎಮ್ಮೆ ಆ ಬಂಡೆಯ ನೆರಳಲ್ಲಿ ಮೆಲುಕು ಹಾಕುತ್ತ ಸಿಕ್ಕಿತ್ತು. ಬಂಡೆಗೆ ಕುಂಕುಮ, ಕಣಗಿಲೆ ಹೂವು ಏರಿದ್ದವು. ಸುತ್ತಿಗೆ ಕಂಡದ್ದೇ ಹುಲಿಗೆಮ್ಮ ಅಡ್ಡ ನಿಂತಳು.

“ಯವ್ವಾ, ಆ ನಂಬರ್ ಬರದಾಂವ ನಾನ!” ಎಂದ ಗುರುಪಾದ.

“ನೀನ ಬರದಿ ಅಂತ ನಮಗೂ ಗೊತ್ತೈತಿ ತಮ್ಮಾ. ಬರಸಿದಾಂವ ಯಾರು?”

ಮರುದಿನ ಗುರುಪಾದನ ತಂಡದ ಲಾರಿ ಹೊರಡಲಿತ್ತು, ಮುಂದಿನ ಬೇಸಿಗೆ ಎಂಬುದೂ ಇರಲಿಲ್ಲ. ಕಲ್ಲು ತೋರಿಸದಿದ್ದರೆ ಮೊದಲ ದರ್ಜೆ ತಪ್ಪುತ್ತಿತ್ತು. ಅದು ತಪ್ಪಿದರೆ ಅವನು ಆಸೆಪಟ್ಟಿದ್ದ ಭೂಗರ್ಭ ಸರ್ವೇ ಇಲಾಖೆಯ ಕೆಲಸವೂ ತಪ್ಪುತ್ತಿತ್ತು. ಅವನ ಮುಖ ನೋಡಿ ಹುಲಿಗೆಮ್ಮನಿಗೇ ಕರುಣೆ ಬಂತು. “ಹೂ ಕೇಳೂಣು. ಅಪ್ಪ ಹ್ಞೂಂ ಅಂದರ ಒಡಕೊಂಡು ಹೋಗು” ಎಂದಳು. ಒದ್ದೆ ಮಾಡಿದ ಬಂಡೆಗೆ ಎಡಕ್ಕೊಂದು ಬಲಕ್ಕೊಂದು ಎಸಳು ಅಂಟಿಸಿದರು. ಬಲದ್ದು ಮೊದಲು ಉದುರಿದರೆ ಅಪ್ಪಣೆ. ತಾನೇ ಬರೆದ ಅಂಕಿಯ ಮುಂದೆ ಗುರುಪಾದ ಕೈಕಟ್ಟಿ ಕೂತ. ನೋಡಲು ಬಂದ ಗೆಳೆಯ ರಾಚೋಟಿ, “ಏನಲೇ, ಪರೀಕ್ಷಾಕ್ಕ ಇಷ್ಟು ಭಕ್ತಿಲೆ ಕುಂತಿದ್ದರ ರ‍್ಯಾಂಕ್ ಬರ್ತಿತ್ತಲ್ಲೊ” ಎಂದ.

ಎಡದ್ದು ಉದುರಿತು.

“ಅಪ್ಪಗ ಮನಸಿಲ್ಲ ತಮ್ಮಾ” ಎಂದಳು ಹುಲಿಗೆಮ್ಮ, ಅವನಿಗಿಂತ ಹೆಚ್ಚು ಬೇಸರದಿಂದ. ಗುರುಪಾದ ಸುತ್ತಿಗೆ ಎತ್ತಿಕೊಂಡು ಗುಡ್ಡ ಇಳಿದ. ಬೇಡವಾದ ಫಲಿತಾಂಶ ಬಂತೆಂದು ಪ್ರಯೋಗವನ್ನೇ ಅಲ್ಲಗಳೆಯಬಾರದು ಎಂದು ಅವನಿಗೆ ಕಲಿಸಿದ್ದರು. “ಗೆರಿ ಕೂಡಿಸಿ ಬಿಡೊ, ಯಾರ ಬಂದು ನೋಡ್ತಾರ?” ಎಂದು ರಾಚೋಟಿ ದಾರಿಯುದ್ದಕ್ಕೂ ಹೇಳಿದ. ಆದರೆ ಕಣ್ಣಾರೆ ಕಂಡ ಕಲ್ಲಿಗೆ ಗಟ್ಟಿ ಗೆರೆ, ಕಾಣದ್ದಕ್ಕೆ ಚುಕ್ಕಿ ಗೆರೆ ಎಂಬುದು ಆ ವಿದ್ಯೆಯ ಕಟ್ಟಳೆ. ಗುರುಪಾದ ಈ ಗುಡ್ಡದ ಮೇಲೆ ಚುಕ್ಕಿಗಳನ್ನಿಟ್ಟು, ಪಕ್ಕದಲ್ಲೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ. ಕಾರಣ ಕೇಳಿದ ಪ್ರೊಫೆಸರರಿಗೆ “ಅಪ್ಪಣೆ ಆಗಲಿಲ್ಲ ಸರ್” ಎಂದು ನಿಜವನ್ನೇ ಹೇಳಿದನಂತೆ. ಎರಡನೇ ದರ್ಜೆ ಬಂತು. ಗದಗಿನ ಕಡೆ ಹೈಸ್ಕೂಲು ಮಾಸ್ತರನಾಗಿ ನಿವೃತ್ತನಾದ ಎನ್ನುತ್ತಾರೆ. ಗೆರೆ ಕೂಡಿಸುವುದರಲ್ಲಿ ನುರಿತಿದ್ದ ರಾಚೋಟಿ ಸರ್ವೇಯಲ್ಲಿ ಬಹಳ ಮೇಲೆ ಹೋದ.

ಆ ಬೇಸಿಗೆಯ ನಕ್ಷೆಗಳನ್ನೆಲ್ಲ ಕೂಡಿಸಿ ಒಂದು ದೊಡ್ಡ ನಕ್ಷೆ ಅಚ್ಚಾಯಿತು. ಕೆಲವು ವರ್ಷಗಳ ಮೇಲೆ, ಕರಿಕಲ್ಲಿಗೆ ಪರದೇಶದಲ್ಲಿ ಬೆಲೆ ಬಂದಾಗ, ಗಣಿ ಗುತ್ತಿಗೆದಾರರು ಆ ನಕ್ಷೆ ಹಿಡಿದುಕೊಂಡೇ ಬಂದರು. ಗಟ್ಟಿ ಗೆರೆ ಇದ್ದಲ್ಲೆಲ್ಲ ಯಂತ್ರ ಇಳಿಸಿದರು. ಪ್ರಶ್ನಾರ್ಥಕ ಚಿಹ್ನೆಯ ಮೇಲೆ ಬಂಡವಾಳ ಹೂಡುವ ಗುತ್ತಿಗೆದಾರ ಇನ್ನೂ ಹುಟ್ಟಿಲ್ಲ. ಅಪ್ಪ ಅವತ್ತು ಎಡಕ್ಕೆ ಹೂ ಕೊಟ್ಟದ್ದು ಇದಕ್ಕೇ ಎಂದು ಹುಲಿಗೆಮ್ಮ ಕೊನೆಯವರೆಗೂ ಹೇಳುತ್ತಿದ್ದಳು.

ಗುಡ್ಡದ ನೆತ್ತಿಗೆ ಹೋದವರಿಗೆ ಈಗಲೂ ಮೂಡಲಿಗೂ ಪಡುವಲಿಗೂ ಸಾಲಾಗಿ ಚೌಕಾಕಾರದ ಹೊಂಡಗಳು ಕಾಣುತ್ತವೆ. ಅವುಗಳಲ್ಲಿ ಹಸಿರು ನೀರು, ನೀರಿನಲ್ಲಿ ಮೋಡ. ಒಂದು ಕಾಲಕ್ಕೆ ಅವೂ ಹೆಸರುಳ್ಳ ಗುಡ್ಡಗಳೇ. ಆ ಹೆಸರುಗಳನ್ನು ಕೇಳಿದರೆ ಊರವರು ನೆನಪು ಮಾಡಿಕೊಂಡು ಹೇಳುತ್ತಾರೆ, ಕೆಲವು ನೆನಪಾಗುವುದಿಲ್ಲ. ಮೂವತ್ತೇಳಪ್ಪನ ಹೊಟ್ಟೆಯಲ್ಲಿ ಕರಿಕಲ್ಲು ಇದೆಯೋ ಇಲ್ಲವೋ, ಅದು ಇವತ್ತಿಗೂ ಯಾರಿಗೂ ಗೊತ್ತಿಲ್ಲ.