ಪೂರ್ವಕ್ಕೆ ಸಂಪಿಗೆ ಮರ

ತಿಪಟೂರಿನ ಪತ್ರಬರಹಗಾರನೊಬ್ಬನ ಮೇಜಿನ ಮುಂದೆ ಅವತ್ತು ಬೆಳಿಗ್ಗೆ ಬೆಳಿಗ್ಗೆಯೇ ಜಗಳ ಬಂದು ಕೂತಿತ್ತು. ಮನೆ ಮಾರುತ್ತಿದ್ದವರು ನರ್ಸಾಗಿದ್ದ ದೇವೀರಮ್ಮ. ಕೊಳ್ಳುತ್ತಿದ್ದವರು ಕೊಬ್ಬರಿ ಮಂಡಿಯ ಷಡಕ್ಷರಪ್ಪ.

“ತೀರಿಹೋದ ನಮ್ಮ ಯಜಮಾನರು ನೆಟ್ಟ ಸಂಪಿಗೆ ಮರ ಐತೆ. ಕಡಿಯಲ್ಲ ಅಂತ ಪತ್ರದಲ್ಲಿ ಬರಿಯಪ್ಪ,” ಎಂದರು ದೇವೀರಮ್ಮ.

“ನಾನು ಕೊಂಡ ಮೇಲೆ ಮನೇನೂ ನಂದು, ಮರಾನೂ ನಂದು. ಅಲ್ಲಿ ನನ್ನ ಕಾರು ನಿಲ್ಲಬೇಕು. ಷರತ್ತು ಗಿರತ್ತು ಅಂತ ಒಂದಕ್ಷರ ಬಂದರೂ ಎದ್ದು ಹೋಗ್ತೀನಿ!” ಷಡಕ್ಷರಪ್ಪ ಮೇಜು ಗುದ್ದಿದರು.

ದೇವೀರಮ್ಮ ಸೆರಗಿನಿಂದ ಕಣ್ಣೊತ್ತಿಕೊಂಡರು. ಪತ್ರಬರಹಗಾರ ಅವರನ್ನೊಮ್ಮೆ ನೋಡಿ ಪೆನ್ನು ಕೈಗೆತ್ತಿಕೊಂಡ.

“ಆಯ್ತು ಸಾರ್, ಷರತ್ತು ಬೇಡ. ಈಗ ಚಕ್ಕುಬಂದಿ ಹೇಳಿ. ನಾಲ್ಕು ದಿಕ್ಕಿನ ಗಡಿ ಬರೀಬೇಕು. ಪೂರ್ವಕ್ಕೆ ಏನಿದೆ?”

“ಯಾರದೋ ಖಾಲಿ ಸೈಟು. ಗೋಡೆ ಇಲ್ಲ, ಬೇಲಿ ಇಲ್ಲ. ಗಡಿ ಮೇಲೆ ಆ ದರಿದ್ರ ಮರ ಒಂದೇ.”

ಅವನು ದಪ್ಪಕ್ಷರದಲ್ಲಿ ಬರೆದ: ಪೂರ್ವಕ್ಕೆ ಸಂಪಿಗೆ ಮರ.

“ಕಡಿದರೆ?” ಷಡಕ್ಷರಪ್ಪ ಹುಬ್ಬು ಗಂಟಿಕ್ಕಿದರು.

“ನಿಮ್ಮಿಷ್ಟ ಸಾರ್. ಆದರೆ ಪಕ್ಕದವನು ನಾಲ್ಕಡಿ ಒಳಗೆ ಬಂದು ಪಾಯ ತೆಗೆದರೆ, ಗಡಿ ಇಲ್ಲಿತ್ತು ಅಂತ ಏನು ತೋರಿಸ್ತೀರಿ?”

“ಕಲ್ಲು ನೆಡ್ತೀನಿ.”

“ಕಲ್ಲನ್ನ ಯಾರು ಬೇಕಾದರೂ ಕಿತ್ತು ಈಚೆಗೆ ನೆಡಬಹುದು ಸಾರ್. ಮರಾನ ಹಂಗೆ ನೆಡೋಕಾಗುತ್ತಾ?”

ಷಡಕ್ಷರಪ್ಪ ಪತ್ರದ ಆ ಸಾಲನ್ನು ಮತ್ತೊಮ್ಮೆ ಓದಿಕೊಂಡರು. ಆಮೇಲೆ ದೇವೀರಮ್ಮನ ಕಡೆ ಮೆಲ್ಲಗೆ ತಿರುಗಿದರು.

“ಅಮ್ಮಾ, ಅದಕ್ಕೆ ಎಷ್ಟು ನೀರು ಹಾಕ್ತೀರಿ?”

“ಬೇಸಿಗೇಲಿ ದಿನಕ್ಕೆರಡು ಕೊಡ ಕಣಪ್ಪ.” ದೇವೀರಮ್ಮ ಅಳುತ್ತಲೇ ನಕ್ಕರು.

“ನಾನು ಮೂರು ಹಾಕಿಸ್ತೀನಿ ತಾಯಿ,” ಎಂದು ಷಡಕ್ಷರಪ್ಪ ರುಜು ಹಾಕಿದರು.