ಕಲಾಯಿ ಉಜ್ಜಿದ ವ್ಯಾಪಾರಿ

ತೋಟಪ್ಪನೆಂಬ ಶಿಷ್ಯ ಕೇಳಿದ: “ಅವ್ವಾ, ಒಮ್ಮೆ ಕ್ಷಮಿಸಿದ ತಪ್ಪು ಮನಸ್ಸಿನಿಂದ ಪೂರ್ತಿ ಹೋಗಬೇಕಾದರೆ ಅದನ್ನು ಎಷ್ಟು ಸಲ ವಿಚಾರಿಸಬೇಕು?”

ಗುರು ನೀಲವ್ವನವರು ಕಣ್ಣು ಮುಚ್ಚಿಕೊಂಡರು. ಧ್ಯಾನಕ್ಕಲ್ಲ, ಬೇಸರಕ್ಕೆ. ಇದೇ ಪ್ರಶ್ನೆಯನ್ನು ತಿರುಗಿಸಿ ಮುರುಗಿಸಿ ಅವನು ನಾಲ್ಕು ವರ್ಷದಿಂದ ತರುತ್ತಿದ್ದ. ವಿಷಯವೂ ಊರಿಗೆಲ್ಲ ಗೊತ್ತಿದ್ದದ್ದೇ. ಮದುವೆಯಾದ ಹೊಸತರಲ್ಲಿ ಅವನ ಹೆಂಡತಿ, ಮೊದಲು ತನ್ನನ್ನು ನೋಡಿಹೋಗಿದ್ದ ಗಂಡಿನ ಜೊತೆ ಹೊಳೆಯ ದಂಡೆಯಲ್ಲಿ ನಿಂತು ಮಾತಾಡಿದ್ದಳು. ಬೇರೆಯವರು ಬಾಯಿ ತೆರೆಯುವ ಮೊದಲೇ ತಾನೇ ಬಂದು ಗಂಡನಿಗೆ ಹೇಳಿ ಅತ್ತಳು. ಕ್ಷಮಿಸಿದೆ ಎಂದ. ಅಂದಿನಿಂದ ವಾರಕ್ಕೊಮ್ಮೆ ಎದುರು ಕೂರಿಸಿಕೊಂಡು ಕೇಳುತ್ತಾನೆ: ಎಷ್ಟು ಹೊತ್ತು ನಿಂತಿದ್ದೆ, ಅವನು ಏನಂದ, ನೀನು ನಕ್ಕೆಯಾ?

“ಈಗೇನಾಯಿತು?” ಎಂದರು ನೀಲವ್ವನವರು.

“ಅವಳ ಮುಖ ಮೊದಲಿನಂತಿಲ್ಲ ಅವ್ವಾ, ಮಂಕಾಗಿದೆ. ಒಳಗೆ ಇನ್ನೂ ಏನೋ ಉಳಿದಿರಬೇಕು. ಇವತ್ತು ಸಂಜೆ ಕೂರಿಸಿ ಅದನ್ನೂ ಹೊರಗೆ ತೆಗೆದುಬಿಡಬೇಕೆಂದಿದ್ದೇನೆ.”

“ಅಯ್ಯೋ ಪುಣ್ಯಾತ್ಮ! ಕೂತುಕೊಂಡು ಕೇಳು,” ಎಂದು ನೀಲವ್ವನವರು ಈ ಕತೆ ಹೇಳಿದರು.

ಒಬ್ಬ ವ್ಯಾಪಾರಿಯಿದ್ದ. ಅವನ ಮನೆಯಲ್ಲಿ ಐವತ್ತು ಜನಕ್ಕೆ ಹುಳಿ ಮಾಡುವಂಥ ಹಿತ್ತಾಳೆಯ ಪಾತ್ರೆಯಿತ್ತು. ಮಗಳ ನಿಶ್ಚಿತಾರ್ಥಕ್ಕೆ ಆರು ತಿಂಗಳಿರುವಾಗ ಕಲಾಯಿಗಾರನನ್ನು ಕರೆಸಿ ಪಾತ್ರೆಯ ಒಳಮೈಗೆ ತವರದ ಕಲಾಯಿ ಹಾಕಿಸಿದ. ಹಿತ್ತಾಳೆಗೆ ಹುಳಿ ತಾಗಿದರೆ ಕಿಲುಬೆದ್ದು ಅಡುಗೆ ವಿಷವಾಗುತ್ತದೆ. ಅದನ್ನು ತಡೆಯುವುದು ಆ ತೆಳ್ಳನೆಯ ತವರವೊಂದೇ. ಹೊಸ ಕಲಾಯಿ ಬೆಳ್ಳಿಯಂತೆ ಹೊಳೆಯಿತು. ವ್ಯಾಪಾರಿ ಒಳಗೆ ಬಗ್ಗಿ ನೋಡಿದ. ತನ್ನ ಮೀಸೆ ಕಾಣಿಸಿತು. ತೃಪ್ತಿಯಾಯಿತು.

ತಿಂಗಳು ಕಳೆಯುವುದರೊಳಗೆ ಕಲಾಯಿ ಬೂದುಬಣ್ಣಕ್ಕೆ ತಿರುಗಿತು. ಮೀಸೆ ಕಾಣಿಸಲಿಲ್ಲ. ಕಲಾಯಿಗಾರ ತವರಕ್ಕೆ ಸೀಸ ಬೆರೆಸಿದ್ದಾನೆ ಎಂದು ವ್ಯಾಪಾರಿ ಬೀದಿಯುದ್ದಕ್ಕೂ ಹೇಳಿಕೊಂಡು ಬಂದ. ಕಲಾಯಿಗಾರನ ಕಿವಿಗೆ ಬಿತ್ತು. ಅವನು ಬಂದು ಪಾತ್ರೆ ನೋಡಿ ಹೇಳಿದ:

“ಯಜಮಾನರೇ, ಇದು ಕೊಳೆಯಲ್ಲ. ನಾವು ಉಸಿರಾಡುವ ಪ್ರಾಣವಾಯುವೇ ತವರವನ್ನೂ ಮುಟ್ಟುತ್ತದೆ. ಮುಟ್ಟಿದಾಗ ತವರ ತನ್ನ ಮೇಲ್ಮೈಯನ್ನು ಒಂದಿಷ್ಟು ಬಿಟ್ಟುಕೊಟ್ಟು ಮಂಕಾದ ಪೊರೆ ಕಟ್ಟಿಕೊಳ್ಳುತ್ತದೆ. ಪೊರೆ ಕಟ್ಟಿತೆಂದರೆ ಗಾಳಿಗೆ ಒಳಗೆ ದಾರಿಯಿಲ್ಲ, ಕೆಳಗಿನ ತವರ ಕ್ಷೇಮ. ನೀರು ಹಾಕಿ ತೊಳೆಯಿರಿ, ಸಾಕು. ಉಜ್ಜಿ ಪೊರೆ ತೆಗೆದರೆ ಅದು ಮತ್ತೆ ಹೊಸದು ಕಟ್ಟಬೇಕು. ಅದಕ್ಕೆ ತವರ ಬೇರೆ ಕಡೆಯಿಂದ ಬರುತ್ತದೆಯೇ?”

“ಕದ್ದವನ ಬಾಯಲ್ಲಿ ಪುರಾಣ ಬೇರೆ!” ಎಂದು ವ್ಯಾಪಾರಿ ಅವನನ್ನು ಓಡಿಸಿದ.

ಮರುದಿನದಿಂದ ತಾನೇ ಹಿತ್ತಲಲ್ಲಿ ಪಂಚೆ ಎತ್ತಿಕಟ್ಟಿ ಕೂತ. ಹೆಂಡತಿಯ ಕೈಗೂ ಪಾತ್ರೆ ಕೊಡಲಿಲ್ಲ. ಇಟ್ಟಿಗೆಪುಡಿ, ಬೂದಿ, ತೆಂಗಿನ ನಾರು. ಉಜ್ಜಿದರೆ ಹೊಳೆಯಿತು. ಕೆಲವು ದಿನಕ್ಕೆ ಮಂಕಾಯಿತು. ಮತ್ತೆ ಉಜ್ಜಿದ. ಮತ್ತೆ ಮಂಕು. ಮೂರು ಅಂಗಡಿಯ ಯಜಮಾನ ಪಾತ್ರೆಯೊಳಗೆ ತಲೆ ಹಾಕಿ ಉಸ್ಸೆನ್ನುವುದನ್ನು ನೋಡಿ ನೆರೆಮನೆಯ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಗಂಡಹೆಂಡಿರ ನಡುವೆ ಏನೋ ಆಗಿದೆ ಎಂದವರೂ ಉಂಟು.

ನಿಶ್ಚಿತಾರ್ಥದ ಹಿಂದಿನ ದಿನ ಪಾತ್ರೆಯೊಳಗೆ ಹಳದಿ ಹೊಳಪು ಕಾಣಿಸಿತು. ವ್ಯಾಪಾರಿ ಹಿಗ್ಗಿದ. “ನೋಡೇ, ಬೆಳ್ಳಿ ಹೋಗಿ ಬಂಗಾರವೇ ಬಂತು!”

“ಅದು ಹಿತ್ತಾಳೆಯಲ್ಲವೇನ್ರೀ?” ಎಂದಳು ಹೆಂಡತಿ.

“ನಿನ್ನನ್ನು ಯಾರು ಕೇಳಿದರು?” ಎಂದ.

ಬೆಳಿಗ್ಗೆ ಆ ಪಾತ್ರೆಯಲ್ಲಿ ಮಾಡಿದ ಹುಳಿಯನ್ನು ಮಧ್ಯಾಹ್ನ ಬಡಿಸಿದರು. ಗಂಡಿನ ಸೋದರತ್ತೆ ಎಲೆಯ ಮುಂದೆಯೇ ವಾಂತಿ ಮಾಡಿಕೊಂಡಳು. ಆಮೇಲೆ ಗಂಡಿನ ತಂದೆ. ಆಮೇಲೆ ಒಬ್ಬರ ಹಿಂದೆ ಒಬ್ಬರು ಹಿತ್ತಲಿಗೆ ಓಡಿದರು. ಸಂಜೆಗೆ ಗಂಡಿನವರು ತಟ್ಟೆ ಬದಲಿಸದೆ ಗಾಡಿ ಹತ್ತಿದರು. ಹೆಣ್ಣಿನವರು ವಿಷ ಹಾಕಿದರು ಎಂಬ ಮಾತು ಅವರಿಗಿಂತ ಮೊದಲೇ ಅವರ ಊರು ತಲುಪಿತ್ತು. ಆ ಮನೆಯ ಮಗಳನ್ನು ನೋಡಲು ಆಮೇಲೆ ಯಾರೂ ಬರಲಿಲ್ಲ.

ವ್ಯಾಪಾರಿ ಕಲಾಯಿಗಾರನನ್ನು ಹಿರಿಯರ ಮುಂದೆ ನಿಲ್ಲಿಸಿ ಕೂಗಿದ: “ಇವನು ಕಲಾಯಿಯನ್ನೇ ಹಾಕಿಲ್ಲ! ಹಾಕಿದ್ದರೆ ಎಲ್ಲಿ ಹೋಯಿತು?”

ಕಲಾಯಿಗಾರ ಪಾತ್ರೆಯನ್ನು ಬಿಸಿಲಿಗೆ ಓರೆಯಾಗಿಟ್ಟು ಕಂಠದ ಒಳಮಡಿಕೆ ತೋರಿಸಿದ. ಅಲ್ಲಿಗೆ ವ್ಯಾಪಾರಿಯ ದಪ್ಪ ಬೆರಳು ಹೋಗುತ್ತಿರಲಿಲ್ಲ. ಅಲ್ಲಿ ಮಾತ್ರ ಕಲಾಯಿ ಮಂಕಾಗಿ, ಬೂದುಬಣ್ಣವಾಗಿ, ಒಂದಿಷ್ಟೂ ಸವೆಯದೆ ಇತ್ತು.

ನೀಲವ್ವನವರು ಕತೆ ನಿಲ್ಲಿಸಿದರು. ತೋಟಪ್ಪ ತಲೆ ತುರಿಸಿಕೊಂಡ.

“ಕತೆ ಚೆನ್ನಾಗಿದೆ ಅವ್ವಾ. ಆ ವ್ಯಾಪಾರಿ ಶುದ್ಧ ದಡ್ಡ. ಆದರೆ ನನ್ನ ಪ್ರಶ್ನೆ ಹಾಗೇ ಉಳಿಯಿತಲ್ಲ? ಸಂಜೆ ಮನೆಗೆ ಹೋಗಿ ಅವಳನ್ನು ಹೇಗೆ ಕೇಳಲಿ?”

ನೀಲವ್ವನವರು ಹಣೆ ಹಣೆ ಬಡಿದುಕೊಂಡು ಕೇಳಿದರು:

“ಸಂಜೆ ನೀನು ಹೋಗುವಾಗ ಅವಳು ಮನೆಯಲ್ಲಿ ಇರುತ್ತಾಳೆಂದು ನಿನಗೆ ಹೇಳಿದವರು ಯಾರು?”